ತಕ್ಕಡಿಯಲ್ಲಿಟ್ಟ ಮಾತ್ರೆ

ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡುವುದಿಲ್ಲ ಅನ್ನುವ ಗಾದೆಯನ್ನು ನಾನು ಕಣ್ಣು ಬಿಟ್ಟಾಗಿನಿಂದ ಕೇಳುತ್ತಾ ಬಂದಿದ್ದೇನೆ. ಶಾಲೆಯಲ್ಲಿ ಮೇಷ್ಟ್ರು ಹೇಳಿದರು, ಸಂತೆಯಲ್ಲಿ ಸೊಪ್ಪಿನವಳು ಹೇಳಿದಳು, ಮೂಗುಬೊಟ್ಟಿಗೆ ತಿರುಪು ಹಾಕಿಸಲು ಬಂದ ಮುದುಕಿ ಕೂಡ ಹೇಳಿ, ಆಮೇಲೆ ನಿನಗಲ್ಲ ಕಣಪ್ಪ ಅಂತ ನಕ್ಕಳು. ನನಗೆ ನಿಜವಾಗಿಯೂ ಒಬ್ಬಳು ಅಕ್ಕ ಇದ್ದಾಳೆ. ಅವಳ ಚಿನ್ನವನ್ನು ನಾನು ಗುಲಗಂಜಿಯಷ್ಟೂ ಮುಟ್ಟಿದವನಲ್ಲ. ನಾನು ಕದ್ದದ್ದು ನನ್ನ ಸ್ವಂತ ಮಾತ್ರೆಯಿಂದ. ಆ ಕಥೆಯನ್ನೇ ಈಗ ಹೇಳುವುದು.

ನನ್ನ ಹೆಸರು ನಾಗರಾಜಾಚಾರಿ, ವಯಸ್ಸು ಐವತ್ಮೂರು. ಕೆ.ಆರ್. ಪೇಟೆಯ ಹಳೇ ಬೀದಿಯಲ್ಲಿ ಅಪ್ಪ ಬಿಟ್ಟು ಹೋದ ಅಂಗಡಿ ಇದೆ. ಅಂಗಡಿಯ ಹಿಂದೆ ಒಂದು ಕೋಣೆ, ಕೋಣೆಯ ಹಿಂದೆ ಹಿತ್ತಲು, ಹಿತ್ತಲಲ್ಲಿ ಕಕ್ಕಸು. ಈ ಕೊನೆಯದನ್ನು ಯಾಕೆ ಹೇಳಿದೆ ಅನ್ನುವುದು ಮುಂದೆ ಗೊತ್ತಾಗುತ್ತದೆ. ಮದುವೆ ಆಗಲಿಲ್ಲ. ಮೊದಲು ಅಕ್ಕನದು ಆಗಲಿ ಅಂತ ಕಾದೆ, ಆಮೇಲೆ ಅಪ್ಪನ ಕಾಯಿಲೆ ವಾಸಿಯಾಗಲಿ ಅಂತ ಕಾದೆ, ಅಷ್ಟು ಹೊತ್ತಿಗೆ ನನಗೋಸ್ಕರ ಕಾಯುವವರು ಯಾರೂ ಉಳಿದಿರಲಿಲ್ಲ. ಸುತ್ತಿನ ಹಳ್ಳಿಗಳಿಗೆಲ್ಲ ತಾಳಿ ಮಾಡಿಕೊಟ್ಟು ಸುಮ್ಮನಿದ್ದೆ.

ಮೂರು ವರ್ಷದ ಹಿಂದೆ ಒಂದು ದಿನ ಬೆಳಿಗ್ಗೆ ರಕ್ತ ಹೋಯಿತು. ಮೂಲವ್ಯಾಧಿ ಇರಬೇಕು ಅಂದುಕೊಂಡು ಯಾರೋ ಹೇಳಿದ ಬೇರು ಅರೆದು ಕುಡಿದೆ. ಆಮಶಂಕೆ ಅಂತ ಮಜ್ಜಿಗೆ ಕುಡಿದೆ. ದಿನಕ್ಕೆ ಐದು ಸಲ ಇದ್ದದ್ದು ಹತ್ತಾಯಿತು, ಹದಿನೈದಾಯಿತು. ಬಂತು ಅಂದರೆ ಬಂತು, ಕೈಯಲ್ಲಿದ್ದ ಚಿಮಟ ಕೆಳಗಿಡುವಷ್ಟೂ ಪುರುಸೊತ್ತು ಕೊಡುತ್ತಿರಲಿಲ್ಲ. ಹೀಗೇ ಎರಡೂವರೆ ವರ್ಷ ಯಾರಿಗೂ ಹೇಳದೆ ಸವೆಸಿದೆ. ತಲೆನೋವು ಅಂದರೆ ಅಯ್ಯೋ ಅನ್ನುತ್ತಾರೆ, ಎದೆನೋವು ಅಂದರೆ ಓಡಿ ಬರುತ್ತಾರೆ. ಇದನ್ನು ಹೇಳಿದರೆ ಮೊದಲು ನಗುತ್ತಾರೆ, ಆಮೇಲೆ ನಮ್ಮ ಮನೆಯ ಲೋಟದಲ್ಲಿ ನೀರು ಕುಡಿಯುವುದಿಲ್ಲ.

ಕೊನೆಗೆ ಮೈಸೂರಿನ ಆಸ್ಪತ್ರೆಯಲ್ಲಿ ಕ್ಯಾಮೆರಾ ಬಿಟ್ಟು ನೋಡಿದರು. ಡಾಕ್ಟರ್ ದಿವ್ಯ ಅಂತ, ಸಣ್ಣ ವಯಸ್ಸಿನ ಹೆಂಗಸು, ಟಿವಿಯಲ್ಲಿ ನನ್ನ ಕರುಳನ್ನೇ ತೋರಿಸಿದರು. ದೊಡ್ಡ ಕರುಳಿನ ಒಳಗೋಡೆ ಊದಿಕೊಂಡು ಹುಣ್ಣಾಗಿದೆ, ಹೆಸರು ಅಲ್ಸರೇಟಿವ್ ಕೊಲೈಟಿಸ್ ಅಂದರು.

“ವಾಸಿ ಆಗುತ್ತಾ ಅಮ್ಮ?”

“ಹತೋಟಿಗೆ ಬರುತ್ತೆ. ಬಿಪಿ, ಶುಗರ್ ಇದ್ದ ಹಾಗೆ, ಇದೂ ನಿಮ್ಮ ಜೊತೆಗೇ ಇರುತ್ತೆ.”

ಜೊತೆಗಿರಲು ಕೊನೆಗೂ ಒಂದು ಸಿಕ್ಕಿತಲ್ಲ ಅಂದುಕೊಂಡೆ.

ಎರಡು ಥರದ ಮಾತ್ರೆ ಬರೆದರು. ಒಂದು ಮೆಸಲಮೈನ್, ಉರಿಯೂತ ಏಳದಂತೆ ದಿನಾ ನುಂಗಬೇಕು, ಬಹುಶಃ ಸಾಯುವವರೆಗೆ. ಇನ್ನೊಂದು ಸ್ಟೀರಾಯ್ಡ್, ಈಗ ಎದ್ದಿರುವ ಬೆಂಕಿಯನ್ನು ಆರಿಸುವುದಕ್ಕೆ. ಅದನ್ನು ಮೊದಲು ಜಾಸ್ತಿ ಕೊಟ್ಟು, ಆಮೇಲೆ ವಾರ ವಾರಕ್ಕೂ ಸ್ವಲ್ಪ ಸ್ವಲ್ಪ ಇಳಿಸುತ್ತಾರಂತೆ. “ಇದನ್ನ ನಿಮ್ಮಷ್ಟಕ್ಕೆ ನೀವು ಕಮ್ಮಿ ಮಾಡೋ ಹಾಗಿಲ್ಲ, ನಿಲ್ಲಿಸೋ ಹಾಗಂತೂ ಇಲ್ಲವೇ ಇಲ್ಲ. ದೇಹಕ್ಕೆ ಅಭ್ಯಾಸ ಆಗಿರುತ್ತೆ, ತಟ್ಟನೆ ಬಿಟ್ರೆ ಬಿದ್ದುಹೋಗ್ತೀರ” ಅಂತ ಎರಡು ಸಲ ಹೇಳಿದರು. ನಾನೂ ಎರಡು ಸಲ ತಲೆಯಾಡಿಸಿದೆ.

ಮಾತ್ರೆ ಕೆಲಸ ಮಾಡಿತು. ಒಂದೂವರೆ ತಿಂಗಳಲ್ಲಿ ಹದಿನೈದು ಹೋಗಿ ಮೂರಕ್ಕೆ ಬಂತು, ರಕ್ತ ನಿಂತಿತು. ಆದರೆ ಮುಖ ಊದಿಕೊಂಡಿತು. ಕೆನ್ನೆ ಎರಡೂ ಉಬ್ಬಿ ಕಣ್ಣು ಸಣ್ಣಗಾದವು. ಪಕ್ಕದ ಅಂಗಡಿಯ ದರ್ಜಿ ಕುಳ್ಳಯ್ಯ ಅಳತೆ ಟೇಪು ಕೊರಳಿಗೆ ಹಾಕಿಕೊಂಡೇ ಬಂದು, “ಏನಾಚಾರ್ರೇ, ಮಾವನ ಮನೇಲಿ ಬಾಡೂಟ ಉಂಡೋರಂಗೆ ಆಗೋಗಿದ್ದೀರಿ! ನಿಮಗೆ ಮಾವನ ಮನೇನೇ ಇಲ್ವಲ್ಲ” ಅಂದ. ನಾನೂ ನಕ್ಕೆ. ಕುಳ್ಳಯ್ಯ ಒಳ್ಳೆಯವನು, ಆದರೆ ಅವನ ಬಾಯಿಗೆ ಹೊಲಿಗೆ ಹಾಕುವವರಿಲ್ಲ.

ಅಕ್ಕನ ವಿಷಯ ಹೇಳಬೇಕು. ಅವಳ ಹೆಸರು ದೊಡ್ಡತಾಯಮ್ಮ, ನನಗಿಂತ ಆರು ವರ್ಷ ದೊಡ್ಡವಳು. ನಾಗಮಂಗಲಕ್ಕೆ ಕೊಟ್ಟಿದ್ದೆವು. ಮೂರು ವರ್ಷದ ಹಿಂದೆ, ನನ್ನ ಕಾಯಿಲೆ ಶುರುವಾದ ತಿಂಗಳಲ್ಲೇ, ಭಾವ ತೀರಿಕೊಂಡರು. ಸುದ್ದಿ ಬಂದ ಕೂಡಲೇ ನಾನು ಬಸ್ಸು ಹತ್ತಿದೆ. ಮೈಸೂರಿಗಾದರೆ ಕಕ್ಕಸಿಗೆ ಪಾಂಡವಪುರದಲ್ಲಿ ಒಮ್ಮೆ ಇಳಿಯಬಹುದು, ಶ್ರೀರಂಗಪಟ್ಟಣದಲ್ಲಿ ಇನ್ನೊಮ್ಮೆ ಇಳಿಯಬಹುದು, ನನ್ನ ತಲೆಯಲ್ಲಿ ಆ ದಾರಿಯ ನಕ್ಷೆಯೇ ಇದೆ. ನಾಗಮಂಗಲದ ದಾರಿಯಲ್ಲಿ ಹಾಗೆ ಇಳಿಯುವ ಜಾಗ ನನಗೆ ಒಂದೂ ಗೊತ್ತಿರಲಿಲ್ಲ. ಊರು ದಾಟಿ ಹತ್ತು ನಿಮಿಷ ಆಗಿರಲಿಲ್ಲ, ಹೊಟ್ಟೆ ಹಿಂಡಿತು. ಬಸ್ಸು ನಿಲ್ಲಿಸಿ ಅಂತ ಕೂಗಿದೆ, ನಿಲ್ಲಿಸುವಷ್ಟರಲ್ಲಿ ಆಗಿಹೋಗಿತ್ತು. ಸೊಂಟಕ್ಕೆ ಟವಲು ಸುತ್ತಿಕೊಂಡು, ಕಬ್ಬಿನ ಗದ್ದೆಯ ಬದುವಿನ ಮೇಲೆ ನಡೆದು ವಾಪಸು ಬಂದೆ. ಅಕ್ಕನಿಗೆ ಫೋನಿನಲ್ಲಿ ಜ್ವರ ಅಂದೆ. ಅವಳು ಫೋನ್ ಇಟ್ಟುಬಿಟ್ಟಳು.

ಹನ್ನೊಂದನೇ ದಿನಕ್ಕೂ ಹೋಗಲಿಲ್ಲ, ವರ್ಷದ ತಿಥಿಗೂ ಹೋಗಲಿಲ್ಲ, ಕಳೆದ ವರ್ಷ ಅವಳ ಒಬ್ಬಳೇ ಮಗಳು ರಮ್ಯಶ್ರೀಯ ನಿಶ್ಚಿತಾರ್ಥಕ್ಕೂ ಹೋಗಲಿಲ್ಲ. ಒಂದು ಸಲ ಜ್ವರ, ಒಂದು ಸಲ ಅರ್ಜೆಂಟ್ ಕೆಲಸ, ಒಂದು ಸಲ ಸುಮ್ಮನೆ ಫೋನ್ ಎತ್ತಲಿಲ್ಲ. ಅಕ್ಕ ಫೋನ್ ಮಾಡುವುದನ್ನೇ ಬಿಟ್ಟಳು. ಹಬ್ಬ ಹುಣ್ಣಿಮೆಗೆ ನಾನೇ ಮಾಡಿದರೆ, “ಊಂ, ಚೆಂದಾಗಿದ್ದೀವಿ” ಅನ್ನುವಳು. ಆ ಎರಡು ಪದ ಕೇಳಿ ಫೋನ್ ಇಟ್ಟ ಮೇಲೆ ಮನೆ ಮೊದಲಿಗಿಂತ ದೊಡ್ಡದಾಗಿ ಕಾಣುತ್ತಿತ್ತು.

ಹೀಗಿರುವಾಗ ಈ ಸಲ ಶಿವರಾತ್ರಿ ಕಳೆದ ವಾರದಲ್ಲಿ ಅಕ್ಕ ತಾನಾಗಿಯೇ ಬಂದು ಅಂಗಡಿಯ ಮೆಟ್ಟಿಲು ಹತ್ತಿದಳು. ಹಿಂದೆ ರಮ್ಯಶ್ರೀ. ನಾನು ಎದ್ದು ನಿಂತೆ, ಏನು ಮಾಡಬೇಕೋ ತಿಳಿಯದೆ ಮತ್ತೆ ಕೂತೆ. ಅಕ್ಕ ನನ್ನ ಮುಖವನ್ನು ದಿಟ್ಟಿಸಿ ನೋಡಿದಳು.

“ಪರ್ವಾಗಿಲ್ಲ ಕಣ್ಲಾ ನಾಗ. ಮುಖ ಬೂದುಗುಂಬಳಕಾಯಿ ಆದಂಗಾಗದೆ. ಚೆಂದಾಗೇ ಉಂಡ್ಕಂಡು ತಿನ್ಕಂಡು ಇದ್ದೀಯ. ಜ್ವರ ಬರದು ಮಾತ್ರ ನಿಮ್ ಭಾವ ಸತ್ತಾಗ.”

ಹೇಳಿಬಿಡಬಹುದಾಗಿತ್ತು. ರಮ್ಯಶ್ರೀ ಎದುರಿಗಿದ್ದಳು, ಮದುವೆಯ ಕಳೆ ಇತ್ತು ಹುಡುಗಿಯ ಮುಖದಲ್ಲಿ. ಮದುವೆ ಮಾತಾಡಲು ಬಂದವರ ಮುಂದೆ ಕಕ್ಕಸಿನ ಮಾತು ಹೇಗೆ ಆಡುವುದು?

ಅಕ್ಕ ಸೊಂಟದ ಚೀಲದಿಂದ ಅರಿಶಿನದ ಬಟ್ಟೆಯ ಗಂಟು ತೆಗೆದಳು. ಅದರಲ್ಲಿ ನಮ್ಮವ್ವನ ತಾಳಿ ಇತ್ತು. ಅವ್ವ ಮುತ್ತೈದೆಯಾಗಿ ಹೋದವಳು. ಅವಳ ತಾಳಿಯನ್ನು ಕರಗಿಸಿ ಮೊಮ್ಮಗಳಿಗೆ ತವರಿನ ತಾಳಿ ಮಾಡಬೇಕು, ಅದನ್ನು ಸೋದರಮಾವನೇ ಮಾಡಬೇಕು, ಅದು ನಮ್ಮಲ್ಲಿ ನಡೆದುಬಂದದ್ದು. “ಅವ್ವ ಯೋಳಿದ್ಲು, ಅದ್ಕೆ ಬಂದಿವ್ನಿ. ಹನ್ನೊಂದು ದಿನಕ್ಕೆ ಶುಕ್ರವಾರ ಬತ್ತದೆ. ಅವತ್ತು ಗಂಡಿನ ಕಡೆಯೋರ್ನೂ ಕರ್ಕಂಡು ಬತ್ತೀನಿ. ಇದಾದ್ರೂ ಮಾಡ್ಕೊಡ್ತೀಯೋ, ಇದ್ಕೂ ಜ್ವರ ಬತ್ತದೋ?” ಅಂದಳು.

“ಮಾಡ್ಕೊಡ್ತೀನಿ ಕಣಕ್ಕ” ಅಂದೆ.

ತಾಳಿ ಮಾಡುವುದು ಉಂಗುರ ಮಾಡಿದ ಹಾಗಲ್ಲ. ಚಿನ್ನ ಕರಗಿಸುವ ಮೂಸೆಯನ್ನು ಬೆಂಕಿಗೆ ಇಟ್ಟಲ್ಲಿಂದ ತಾಳಿಗೆ ಕೊನೆಯ ಮೆರುಗು ಕೊಡುವವರೆಗೆ ಮಾಡುವವನು ಮಣೆ ಬಿಟ್ಟು ಏಳಬಾರದು. ಮೂರು ಗಂಟೆ, ಮೂರೂವರೆ ಗಂಟೆ. ಎದ್ದರೆ ಆ ತಾಳಿ ಆಗದು, ಕರಗಿಸಿ ಇನ್ನೊಂದು ದಿನ ನೋಡಬೇಕು. ನಮ್ಮಜ್ಜ ಮಣೆಯ ಮೇಲಿದ್ದಾಗ ಹಿತ್ತಲ ಹುಲ್ಲಿನ ಮೆದೆಗೆ ಬೆಂಕಿ ಬಿತ್ತಂತೆ. ಆರಿಸ್ಕಳ್ರೋ ಅಂತ ಒಂದು ಮಾತು ಹೇಳಿ ಊದುಗೊಳವೆಯನ್ನು ಮತ್ತೆ ಬಾಯಿಗಿಟ್ಟುಕೊಂಡನಂತೆ. ಶಾಸ್ತ್ರಕ್ಕೆ ಏನೇನೋ ಅರ್ಥ ಹೇಳುತ್ತಾರೆ. ನನಗನಿಸುವುದು ಇಷ್ಟೇ, ಚಿನ್ನ ಕೊಟ್ಟವರು ಎದುರಿಗೆ ಕೂತಿರುತ್ತಾರೆ, ನಡುವೆ ಎದ್ದು ಒಳಗೆ ಹೋದ ಅಕ್ಕಸಾಲಿಯನ್ನು ಯಾರು ನಂಬುತ್ತಾರೆ?

ಮಾತ್ರೆಯ ಪುಣ್ಯದಿಂದ ಈಗ ಮೂರೂವರೆ ಗಂಟೆ ಕೂರಬಲ್ಲೆ ಅನ್ನುವ ಧೈರ್ಯ ನನಗಿತ್ತು. ಅವತ್ತು ಅನ್ನಕ್ಕೆ ಇಟ್ಟು, ಮೂರು ವರ್ಷದಲ್ಲಿ ಮೊದಲ ಸಲ ಏನೋ ಹಾಡು ಗುನುಗಿದೆ. ಆದರೆ ಅಕ್ಕ ಅಂದ ಬೂದುಗುಂಬಳಕಾಯಿ ಮನಸ್ಸಿನಲ್ಲೇ ಕೂತಿತ್ತು. ಮದುವೆಗೆ ಇನ್ನೂ ಒಂದು ತಿಂಗಳಿತ್ತು. ಊದಿದ ಮುಖ ಹೊತ್ತು ಹೋಗಿ ನಿಂತರೆ, ಉಂಡು ತಿಂದು ಸುಖವಾಗಿದ್ದುಕೊಂಡೇ ಬರಲಿಲ್ಲ ಇವನು ಅಂತ ನಾಗಮಂಗಲವೆಲ್ಲ ಅಂದುಕೊಳ್ಳುವುದಿಲ್ಲವೇ? ಮುಖ ಊದಿಸಿದ್ದು ಸ್ಟೀರಾಯ್ಡು ಅಂತ ನನಗೆ ಗೊತ್ತಿತ್ತು. ಆ ಶೀಟನ್ನು ಕೈಗೆ ತೆಗೆದುಕೊಂಡು ನೋಡುತ್ತಾ ಕೂತೆ. ಈಗ ದಿನಕ್ಕೆ ಒಂದು ಮಾತ್ರೆಗೆ ಬಂದಿತ್ತು. ಶೀಟಿನ ಮೇಲೆ ಇಪ್ಪತ್ತು ಮಿಲಿಗ್ರಾಂ ಅಂತ ಬರೆದಿತ್ತು.

ಎದುರಿಗೇ ತಕ್ಕಡಿ ಇತ್ತು. ಗಾಜಿನ ಪೆಟ್ಟಿಗೆಯ ಎಲೆಕ್ಟ್ರಾನಿಕ್ ತಕ್ಕಡಿ, ಒಂದು ಮಿಲಿಗ್ರಾಂ ಹೆಚ್ಚುಕಮ್ಮಿ ಆದರೂ ತೋರಿಸುತ್ತದೆ, ಉಸಿರು ಬಿಟ್ಟರೆ ಅಲ್ಲಾಡುತ್ತದೆ. ಮಾತ್ರೆಯನ್ನು ಅದರ ತಟ್ಟೆಯ ಮೇಲಿಟ್ಟೆ. ಇನ್ನೂರ ಹದಿನೆಂಟು ಮಿಲಿಗ್ರಾಂ ಬಂತು.

ತಕ್ಕಡಿ ಕೆಟ್ಟಿರಬೇಕು ಅಂತ ಒಂದು ಗ್ರಾಂ ತೂಕದ ಬಟ್ಟು ಇಟ್ಟು ನೋಡಿದೆ, ಸರಿಯಾಗಿತ್ತು. ಇನ್ನೊಂದು ಮಾತ್ರೆ ಬಿಡಿಸಿ ಇಟ್ಟೆ. ಇನ್ನೂರ ಹದಿನೇಳು. ಬರೆದದ್ದಕ್ಕಿಂತ ಹತ್ತು ಪಾಲು ಮೇಲೆ! ನನಗೆ ಕೋಪ ಬರಬೇಕಿತ್ತು, ಬಂದದ್ದು ಖುಷಿ. ಜನ್ಮವಿಡೀ ತೂಕದಲ್ಲಿ ಕಳ್ಳ ಅಂತ ಕರೆಸಿಕೊಂಡವನು ನಾನು. ಈಗ ಇನ್ನೊಬ್ಬರ ತೂಕದಲ್ಲಿ ನಾನು ಕಳ್ಳತನ ಹಿಡಿದಿದ್ದೆ. ಇಪ್ಪತ್ತು ಕೊಡಬೇಕಾದಲ್ಲಿ ಇನ್ನೂರು ತಿನ್ನಿಸಿದರೆ ಮುಖ ಊದದೆ ಇನ್ನೇನಾಗುತ್ತದೆ?

ಸಣ್ಣ ಅರ ತೆಗೆದುಕೊಂಡು ಮಾತ್ರೆಯನ್ನು ಉಜ್ಜಿದೆ. ತೂಗಿದೆ, ಉಜ್ಜಿದೆ, ತೂಗಿದೆ. ಕೊನೆಗೆ ಸರಿಯಾಗಿ ಇಪ್ಪತ್ತು ಮಿಲಿಗ್ರಾಂ ಉಳಿಯಿತು, ಒಂದು ಅಕ್ಕಿಕಾಳಿನಷ್ಟು. ಅದನ್ನು ನುಂಗಿದೆ. ಕೆಳಗೆ ಬಿದ್ದ ಪುಡಿಯನ್ನು ಹಾಳೆಯಲ್ಲಿ ಕಟ್ಟಿ ಮೇಲೆ ತಾರೀಖು ಬರೆದೆ. ಅರದ ಪುಡಿ ಎಸೆಯುವ ಅಕ್ಕಸಾಲಿ ಇನ್ನೂ ಹುಟ್ಟಿಲ್ಲ. ಮುಂದಿನ ಸಲ ಮೈಸೂರಿಗೆ ಹೋದಾಗ ಡಾಕ್ಟರಮ್ಮನ ಮೇಜಿನ ಮೇಲೆ ಈ ಪೊಟ್ಟಣಗಳನ್ನೆಲ್ಲ ಸಾಲಾಗಿ ಇಟ್ಟು, ನೋಡಿ ತಾಯಿ ನಿಮ್ಮ ಕಂಪನಿಯವರ ತೂಕ, ಅನ್ನಬೇಕು ಅಂತ ನನ್ನ ಲೆಕ್ಕಾಚಾರ. ಫೋನ್ ಮಾಡಿ ಕೇಳಬಹುದಿತ್ತು. ಸಾಕ್ಷಿ ಎದುರಿಗಿರುವಾಗ ಕೇಳುವುದೇನು ಅಂತ ಜಂಭ.

ನಾಲ್ಕೈದು ದಿನ ಏನೂ ಆಗಲಿಲ್ಲ. ಆಮೇಲೆ ಸುಸ್ತು ಶುರುವಾಯಿತು. ಮೆಟ್ಟಿಲು ಹತ್ತಿದರೆ ಕಣ್ಣಿಗೆ ಕತ್ತಲೆ, ಗಂಟುಗಂಟೂ ನೋವು. ಬಿಸಿಲು ಜಾಸ್ತಿ ಅಂದುಕೊಂಡೆ. ಒಂಬತ್ತನೇ ದಿನ ರಕ್ತ ಕಂಡಿತು. ಮೂರಿದ್ದದ್ದು ಎಂಟಾಯಿತು. ಅಕ್ಕ ಬಂದು ಹೋದ ಸಂಭ್ರಮಕ್ಕೆ ಉಪ್ಪಿನಕಾಯಿ ತಿಂದೆನಲ್ಲ, ಅದೇ ಇರಬೇಕು ಅಂದುಕೊಂಡೆ. ತಕ್ಕಡಿಯ ಮೇಲೆ ಮಾತ್ರ ಅನುಮಾನ ಬರಲಿಲ್ಲ. ಗುರುವಾರ ಮಧ್ಯಾಹ್ನದಿಂದ ಊಟ ಬಿಟ್ಟೆ. ಹೊಟ್ಟೆಯಲ್ಲಿ ಏನೂ ಇಲ್ಲದಿದ್ದರೆ ಏನೂ ಬರುವುದಿಲ್ಲ ಅನ್ನುವ ಯೋಚನೆ. ಒಂದು ದಿನ, ಮೂರೂವರೆ ಗಂಟೆ, ದೇವರೇ, ಅಷ್ಟು ಕೂರಿಸು ಸಾಕು ಅಂತ ಕಾಳಿಕಾಂಬೆಯ ಪಟಕ್ಕೆ ಕೈ ಮುಗಿದೆ.

ಶುಕ್ರವಾರ ಬೆಳಿಗ್ಗೆ ಎಲ್ಲರೂ ಬಂದರು. ಅಕ್ಕ, ರಮ್ಯಶ್ರೀ, ಗಂಡಿನ ದೊಡ್ಡಮ್ಮ ಕುಳ್ಳಮ್ಮ. ಗಂಡು ಲೋಹಿತ್ ಮೈಸೂರಿನ ದೊಡ್ಡ ಒಡವೆ ಅಂಗಡಿಯಲ್ಲಿ ಸೇಲ್ಸ್‌ಮನ್, ರಜೆ ಸಿಗಲಿಲ್ಲವಂತೆ. ಅವರೂ ನಮ್ಮ ಆಚಾರರ ಪೈಕಿಯೇ, ಆದ್ದರಿಂದ ಕುಳ್ಳಮ್ಮನಿಗೆ ಕಸುಬಿನ ಕಣ್ಣಿತ್ತು. ಬಂದವಳೇ ನನ್ನ ಅಗ್ಗಿಷ್ಟಿಕೆ, ಚಿಮಟ, ತಕ್ಕಡಿ ಎಲ್ಲವನ್ನೂ ಒಮ್ಮೆ ಅಳೆದು ನೋಡಿ ಎದುರಿಗೆ ಕೂತಳು. ಅಕ್ಕ ವಿಧವೆ, ಅದಕ್ಕೆ ದೂರದಲ್ಲಿ ಬಾಗಿಲ ಬಳಿ ಕೂತಳು. ಅವಳನ್ನು ಮುಂದೆ ಬಾ ಅನ್ನಲು ನನಗೂ ಬಾಯಿ ಬರಲಿಲ್ಲ.

ಅಕ್ಕಿ, ತೆಂಗಿನಕಾಯಿ, ಅರಿಶಿನ ಇಟ್ಟು ಪೂಜೆ ಮಾಡಿ, ಚಿನ್ನವನ್ನು ಎಲ್ಲರೆದುರು ತೂಗಿ, ಮೂಸೆಗೆ ಹಾಕಿದೆ. ಅವ್ವನ ತಾಳಿ ಮೆಲ್ಲಗೆ ಅಂಚು ಕಳೆದುಕೊಂಡು ಒಂದು ಹನಿಯಾಯಿತು. ಬಾಗಿಲ ಬಳಿಯಿಂದ ಅಕ್ಕ ಮೂಗು ಎಳೆದುಕೊಂಡದ್ದು ಕೇಳಿಸಿತು. ಮನೆಯಲ್ಲಿ ಜನ ಇದ್ದರು, ಬಳೆ ಸದ್ದಿತ್ತು, ಯಾರೋ ನನ್ನ ಕೈಯನ್ನೇ ನೋಡುತ್ತಿದ್ದರು. ಆ ಒಂದು ಗಂಟೆ ನಾನು ಸುಖವಾಗಿದ್ದೆ.

ತಗಡು ಬಡಿಯಲು ಸುತ್ತಿಗೆ ಎತ್ತಿದಾಗ ಹೊಟ್ಟೆ ಹಿಂಡಿತು. ಹಲ್ಲು ಕಚ್ಚಿ ಕೂತೆ. ಬೆವರು ಹುಬ್ಬಿನಿಂದ ಇಳಿದು ಬಡಿಯುವ ಅಡಿಗಲ್ಲಿನ ಮೇಲೆ ಬಿತ್ತು. ಅಜ್ಜನ ಮೆದೆ ನೆನೆಸಿಕೊಂಡೆ. ಎರಡನೇ ಸಲ ಹಿಂಡಿದಾಗ ಗೊತ್ತಾಯಿತು, ಇನ್ನು ಎಣಿಸಿ ಹತ್ತು ಉಸಿರು ಅಷ್ಟೇ. ಮಡಿ ಪಂಚೆ ಉಟ್ಟಿದ್ದೆ, ಬಿಳಿಯದು. ಸುತ್ತಿಗೆ ಎಸೆದು ಎದ್ದೆ. ಹೊಟ್ಟೆಯನ್ನು ಮುಷ್ಟಿಯಲ್ಲಿ ಒತ್ತಿ ಹಿಡಿದು, ಶಲ್ಯದಿಂದ ಮುಚ್ಚಿಕೊಂಡು, ಹಿತ್ತಲಿಗೆ ಓಡಿದೆ.

ಬೇರೆ ಪಂಚೆ ಉಟ್ಟು ವಾಪಸು ಬಂದಾಗ ಎಲ್ಲರೂ ನನ್ನ ಖಾಲಿ ಮಣೆಯನ್ನೇ ನೋಡುತ್ತಿದ್ದರು. ಮಣೆಯ ಮುಂದೆ ಬೆಂಕಿ ಬೂದಿಯಾಗುತ್ತಿತ್ತು.

“ಎದ್ದೋದ್ನಲ್ಲಮ್ಮ” ಅಂದಳು ಕುಳ್ಳಮ್ಮ, ನನಗಲ್ಲ, ಅಕ್ಕನಿಗೆ. “ಕೈನ ಮುಚ್ಕಂಡು ಓದ್ನಲ್ಲ. ನಾವೂ ಇದೇ ಕಸುಬ್ನೋರೇ ಕಣವ್ವ.”

ಅಕ್ಕನ ಮುಖ ಸುಟ್ಟುಹೋದಂತಾಯಿತು. ಎದ್ದು ಬಂದು ನನ್ನ ಮುಂದೆ ನಿಂತಳು. “ತೂಕ ಆಕ್ಲಾ” ಅಂದಳು.

“ಅಕ್ಕಾ…”

“ಅಕ್ಕನ ಚಿನ್ನಾನೂ ಬುಡಕಿಲ್ಲ ಅಂತಾರಲ್ಲ ಊರ್ನೋರು. ಅವ್ರ ಬಾಯಿ ಮುಚ್ಚಕಾದ್ರೂ ತೂಕ ಆಕು.”

ಊರೆಲ್ಲ ಆ ಗಾದೆ ಹೇಳಿದಾಗ ನಕ್ಕಿದ್ದೇನೆ. ಅವಳ ಬಾಯಿಂದ ಬಂದಾಗ ನಿಂತಲ್ಲೇ ಸತ್ತರೆ ಸಾಕು ಅನ್ನಿಸಿತು. ತಗಡನ್ನು ತಟ್ಟೆಗಿಟ್ಟೆ. ಕರಗುವಾಗ ಹೋಗುವ ಸವಕಳಿ ಬಿಟ್ಟರೆ ತೂಕ ಸರಿಯಾಗಿತ್ತು, ಕುಳ್ಳಮ್ಮನೂ ಅದನ್ನು ಒಪ್ಪಿದಳು. ಆದರೆ ಅವಳ ಕಣ್ಣು ತಕ್ಕಡಿಯ ಪಕ್ಕದ ಡಬ್ಬಿಯ ಮೇಲೆ ಬಿದ್ದಿತ್ತು. ಅದರಲ್ಲಿ ತಾರೀಖು ಬರೆದ ಹನ್ನೊಂದು ಪೊಟ್ಟಣ.

“ಇದ್ಯಾವ ಅರದ ಪುಡಿ ಇಂಗೆ ಬಚ್ಚಿಟ್ಟಿದ್ದೀಯಪ್ಪ?” ಅಂದವಳೇ ಒಂದನ್ನು ಬಿಡಿಸಿದಳು. ಬಿಳಿ ಪುಡಿ. ಬೆರಳು ಅದ್ದಿ ನಾಲಗೆಗೆ ಮುಟ್ಟಿಸಿಕೊಂಡು, “ಥೂ! ಏನಿದು, ಇಂಗೆ ಕಯ್ಯಿ!” ಅಂತ ಕಹಿಯನ್ನು ಉಗಿದಳು.

“ಮಾತ್ರೆ” ಅಂದೆ. “ನನ್ನ ಮಾತ್ರೆ ಪುಡಿ. ಕರುಳಲ್ಲಿ ಹುಣ್ಣಾಗದೆ. ರಕ್ತ ಓಯ್ತದೆ. ದಿನಕ್ಕೆ ಹತ್ತು ಸಲ, ಹದಿನೈದು ಸಲ. ತಡೆಯಕ್ಕಾಗಕಿಲ್ಲ. ಅದ್ಕೆ ಎದ್ದೆ.”

ಇಷ್ಟೇ ಮಾತು. ಮೂರು ವರ್ಷ ಬಾಯಲ್ಲಿ ಇಟ್ಟುಕೊಂಡದ್ದು ಉಗುಳುವುದಕ್ಕೆ ಅರ್ಧ ನಿಮಿಷವೂ ಹಿಡಿಯಲಿಲ್ಲ. ಕುಳ್ಳಮ್ಮ ಸೆರಗಿನಿಂದ ನಾಲಗೆ ಒರೆಸಿಕೊಂಡು ಹಿಂದೆ ಸರಿದಳು. ಅಕ್ಕ ಸರಿಯಲಿಲ್ಲ.

“ಯಾವತ್ತಿಂದ್ಲಾ?”

“ಮೂರು ವರ್ಷ ಆಯ್ತು.”

ಅಕ್ಕ ಬೆರಳು ಮಡಿಚಿ ಎಣಿಸಿದಳು. “ನಿಮ್ ಭಾವ ಸತ್ತಾಗ…”

“ಬಸ್ ಅತ್ತಿದ್ದೆ ಕಣಕ್ಕ. ಕೂರಕ್ಕಾಗ್ನಿಲ್ಲ.”

ಆಮೇಲೆ ನೆಲ ಮೇಲೆ ಬಂದದ್ದು ನೆನಪಿದೆ.

ದರ್ಜಿ ಕುಳ್ಳಯ್ಯ ಯಾರದೋ ಕಾರು ತಂದನಂತೆ. ಎಚ್ಚರವಾದಾಗ ಹಿಂದಿನ ಸೀಟಿನಲ್ಲಿ ಅಕ್ಕನ ತೊಡೆಯ ಮೇಲೆ ತಲೆಯಿತ್ತು. ಪಾಂಡವಪುರದಲ್ಲಿ ನಿಲ್ಲಿಸಿ ಅಂದೆ, ಶ್ರೀರಂಗಪಟ್ಟಣದಲ್ಲಿ ನಿಲ್ಲಿಸಿ ಅಂದೆ. ಎರಡು ಕಡೆಯೂ ಅಕ್ಕ ಬಾಗಿಲ ಹೊರಗೆ ನನ್ನ ಟವಲು ಹಿಡಿದು ನಿಂತಿದ್ದಳು, ಚಿಕ್ಕವನಿದ್ದಾಗ ಹಿತ್ತಲಿಗೆ ಹೋಗಲು ಹೆದರುತ್ತಿದ್ದವನ ಜೊತೆಗೆ ಬಂದು ನಿಲ್ಲುತ್ತಿದ್ದ ಹಾಗೆ.

ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದರು. ದಿವ್ಯ ಡಾಕ್ಟರು ಬಂದಾಗ ಅಕ್ಕ ಸೀರೆಯ ಗಂಟಿನಿಂದ ಹನ್ನೊಂದು ಪೊಟ್ಟಣಗಳನ್ನೂ ತೆಗೆದು ಮಂಚದ ಮೇಲಿಟ್ಟಳು. ಮೇಜಿನ ಮೇಲೆ ಸಾಲಾಗಿ ಇಡುತ್ತೇನೆ ಅಂದುಕೊಂಡಿದ್ದ ನನ್ನ ಸಾಕ್ಷಿ ಹೀಗೆ ಡಾಕ್ಟರ ಮುಂದೆ ಬಂತು. ನಾನು ಕಣ್ಣು ಮುಚ್ಚಿಕೊಂಡೇ ತಕ್ಕಡಿಯ ಕಥೆ ಹೇಳಿದೆ. ಅವರು ನಗಲಿಲ್ಲ.

“ಆಚಾರ್ರೇ, ಇಡೀ ಮಾತ್ರೆ ಔಷಧಿಯಲ್ಲ. ಅದರಲ್ಲಿ ಔಷಧಿ ಇರೋದು ಇಪ್ಪತ್ತೇ ಮಿಲಿಗ್ರಾಂ. ಅಷ್ಟನ್ನೇ ಕೊಟ್ಟರೆ ಕೈಗೆ ಸಿಗಲ್ಲ ಅಂತ ಬೇರೆ ಪುಡಿ ಸೇರಿಸಿ ಗಟ್ಟಿ ಮಾಡಿರ್ತಾರೆ. ನೀವು ದಿನಾ ತಗೊಂಡಿದ್ದು ಎರಡು ಮಿಲಿಗ್ರಾಂಗೂ ಕಮ್ಮಿ.”

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಹಣೆ ಚಚ್ಚಿಕೊಂಡಳು. “ಅಯ್ಯೋ ಪೆದ್ದ ನನ್ ಮಗ್ನೆ! ಚಿನ್ನಕ್ಕೆ ತಾಮ್ರ ಬೆರಸ್ದೆ ಒಡವೆ ನಿಂತದಾ? ಅಪ್ಪ ನಿಂಗೆ ಕಲಿಸಿದ್ದು ಅದೊಂದೇ ಅಲ್ವೇನ್ಲಾ!”

ಹೌದು. ಬೆಸುಗೆ ಹಿಡಿದ ಮೊದಲ ದಿನ ಅಪ್ಪ ಹೇಳಿದ್ದ ಪಾಠ ಅದೇ. ಇಪ್ಪತ್ತೆರಡು ಕ್ಯಾರೆಟ್ಟಿನ ಬಳೆಯನ್ನು ತೂಗಿ ಅಷ್ಟೂ ಅಪರಂಜಿ ಅನ್ನುವ ಗಿರಾಕಿಯನ್ನು ನಾನೇ ಎಷ್ಟೋ ಸಲ ನಕ್ಕು ಕಳಿಸಿದ್ದೇನೆ. ಡಾಕ್ಟರು ಹೋದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿ ಅತ್ತೆ. ಅಕ್ಕ ನೋಡದವಳಂತೆ ಎಳನೀರಿಗೆ ಸ್ಟ್ರಾ ಹುಡುಕುತ್ತಿದ್ದಳು.

ಎರಡು ದಿನ ಇದ್ದು ಅಕ್ಕ ಹೋದಳು, ಮದುವೆ ಕೆಲಸ ಬೆಟ್ಟದಷ್ಟಿತ್ತು. ಇನ್ನೂ ನಾಲ್ಕು ದಿನ ನಾನೊಬ್ಬನೇ ಇದ್ದೆ. ಅಕ್ಕಪಕ್ಕದ ಮಂಚದವರಿಗೆ ಬುತ್ತಿ ಬರುತ್ತಿತ್ತು, ನನಗೆ ನರ್ಸು ಮಾತ್ರೆ ತರುತ್ತಿದ್ದಳು. ಜೊತೆಗೆ ಯಾರಿಲ್ವಾ ಅಂತ ದಿನಾ ಯಾರಾದರೂ ಕೇಳುವರು. ಬರ್ತಾರೆ ಅನ್ನುತ್ತಿದ್ದೆ.

ಮನೆಗೆ ಬಂದ ಮಾರನೇ ದಿನ ಅಕ್ಕನ ಫೋನು ಬಂತು. “ತಾಳೀನ ಲೋಹಿತ್ ಅವ್ನ ಅಂಗಡಿಯಿಂದ್ಲೇ ತತ್ತಾನಂತೆ ಕಣ್ಲಾ. ಎದ್ದ ಮಣೇದು ಬ್ಯಾಡ ಅಂತಾಳೆ ಕುಳ್ಳಮ್ಮ. ಇನ್ನೊಂದ್ ದಿನ ಕೂರ್ತಾನೆ ಅಂದ್ರೂ ಒಪ್ನಿಲ್ಲ.”

“ಆಗ್ಲಿ ಬುಡಕ್ಕ” ಅಂದೆ. “ಅವ್ವನ ಚಿನ್ನ ಇಲ್ಲೇ ಅದೆ. ತೂಕ ಆಕಿ, ಕುಳ್ಳಯ್ಯನ ಕೈಲಿ…”

“ತೂಕ ಯಾರ್ ಕೇಳಿದ್ರು? ನಿನ್ ಪೆಟ್ಗೇಲೇ ಇರ್ಲಿ. ನೀನು ಮದ್ವೆಗೆ ಬತ್ತೀಯಾ ಇಲ್ವಾ, ಅದ ಯೋಳು.”

ಬರ್ತೀನಿ ಅಂದೆ. ಅಂದ ಮೇಲೆ ಭಯವಾಯಿತು.

ಮದುವೆಯ ದಿನ ಕುಳ್ಳಯ್ಯನೇ ಕಾರಿನಲ್ಲಿ ಕರೆದುಕೊಂಡು ಹೋದ. ಹೋದ ಸಲ ವಾಪಸು ನಡೆದ ಕಬ್ಬಿನ ಗದ್ದೆ ದಾಟಿದೆವು. ಮುಂದೆ ಒಂದು ಕಡೆ ನಿಲ್ಲಿಸಿದ, ಇನ್ನೊಂದು ಕಡೆ ನಿಲ್ಲಿಸಿದ, ಎರಡು ಸಲವೂ ಆ ಬಾಯಿಬಡಕ ಒಂದು ಮಾತೂ ಆಡದೆ ಬೆಳೆ ನೋಡುತ್ತಾ ನಿಂತಿದ್ದ. ಛತ್ರ ಮುಟ್ಟಿದಾಗ ಮುಹೂರ್ತ ಹತ್ತಿರವಾಗಿತ್ತು. ಬಾಗಿಲಲ್ಲೇ ಅಕ್ಕ ಸಿಕ್ಕಿದಳು. ಊದಿದ ನನ್ನ ಕೆನ್ನೆಯನ್ನು ಒಮ್ಮೆ ಮುಟ್ಟಿ, ಕೈ ಹಿಡಿದುಕೊಂಡು, ಕುರ್ಚಿಗಳ ಸಾಲು ಬಿಟ್ಟು, ಜನರನ್ನು ಬಿಟ್ಟು, ಹಿಂಬದಿಯ ಓಣಿಗೆ ಕರೆದುಕೊಂಡು ಹೋದಳು.

ಅಲ್ಲಿ ಗಂಡಸರ ಕಕ್ಕಸಿನ ಬಾಗಿಲ ಪಕ್ಕ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿತ್ತು. ಬೇರೆ ಯಾರೂ ಕೂರದಂತೆ ಎರಡರ ಮೇಲೂ ಟವಲು ಹಾಸಿತ್ತು. ಪಕ್ಕದಲ್ಲಿ ಒಂದು ಬಿಂದಿಗೆ ನೀರು, ತಟ್ಟೆ ಮುಚ್ಚಿದ ಮೊಸರನ್ನ.

“ಬೆಳಗ್ಗೆ ಐದ್ಗಂಟೆಯಿಂದ ಈ ಕುರ್ಚಿ ಕಾಯ್ತಾ ಇವ್ನಿ, ಇಲ್ದಿದ್ರೆ ಎಲ್ರೂ ಎತ್ಕಂಡ್ ಓಯ್ತಾರೆ” ಅಂದಳು. “ಇದು ನಿಂದು. ಇಲ್ಲಿಂದ ನಾಕೇ ಎಜ್ಜೆ.”

ಮೂರು ವರ್ಷ ನಾನು ಎಲ್ಲಿಗೂ ಹೋಗದೆ ಕೂತದ್ದು ಇಂಥ ಒಂದು ಕುರ್ಚಿ ಇಲ್ಲದೆ. ಕೇಳಿದ್ದರೆ ಅವತ್ತೇ ಹಾಕುತ್ತಿದ್ದಳು.

“ಆ ಇನ್ನೊಂದು ಯಾರದು?” ಅಂತ ಕೇಳಿದೆ.

“ನಂದು.”

“ನೀನು ಮಂಟಪಕ್ಕೆ ಓಗಕಿಲ್ವಾ?”

“ಧಾರೆ ಎರಿಯಕ್ಕೆ ಮೈದ್ನ ಅವ್ನೆ, ಅವ್ನ ಎಂಡ್ತಿ ಅವ್ಳೆ. ತಾಳಿ ಕಟ್ಟೊತ್ನಲ್ಲಿ ನಾನು ಮುಂದೆ ನಿಂತ್ರೆ ಆಗಕಿಲ್ಲ ಅಂತಾರೆ.” ಅಕ್ಕ ಸೆರಗು ಸರಿಮಾಡಿಕೊಂಡು ಕೂತಳು. “ನಂಗೂ ಒಬ್ಳೇ ಕುಂತ್ಕಳಕೆ ಬೇಜಾರು ಕಣ್ಲಾ. ನೀನು ಬಂದಿದ್ದು ಒಳ್ಳೇದಾಯ್ತು.”

ಅವಳ ಮಗಳ ಮದುವೆ. ಒಂಬತ್ತು ತಿಂಗಳು ಹೊತ್ತವಳು ಕಕ್ಕಸಿನ ಬಾಗಿಲಲ್ಲಿ ಕೂತಿದ್ದಳು. ನನಗೆ ಕಾಯಿಲೆ ಇತ್ತು, ಅವಳಿಗೆ ಏನಿತ್ತು? ಮೂರು ವರ್ಷ ನನ್ನ ಹಾಗೆ ಅವಳೂ ಎಲ್ಲ ಶುಭಕಾರ್ಯದ ಹಿಂಬಾಗಿಲಲ್ಲೇ ಕೂತಿದ್ದಿರಬೇಕು. ನಾನೂ ಒಂದು ಸಲ ಹೋಗಿ ಪಕ್ಕದಲ್ಲಿ ಕೂತು ಏನಕ್ಕ ಅನ್ನಲಿಲ್ಲ.

ಅಲ್ಲಿಂದ ಮಂಟಪ ಕಾಣುತ್ತಿರಲಿಲ್ಲ. ಓಲಗ ಮಾತ್ರ ಕೇಳಿಸುತ್ತಿತ್ತು. ಗಟ್ಟಿಮೇಳ ಗಟ್ಟಿಮೇಳ ಅಂತ ಪುರೋಹಿತರು ಕೂಗಿದರು, ಡೋಲು ಏರಿತು, ಸರಿಯಾಗಿ ಅದೇ ಹೊತ್ತಿಗೆ ನನ್ನ ಹೊಟ್ಟೆ ಹಿಂಡಿತು. ಅಕ್ಕನ ಮುಖ ನೋಡಿದೆ.

“ಓಗು” ಅಂದಳು. “ನಾನಿಲ್ಲೇ ಇರ್ತೀನಿ.”

ನನ್ನ ಅಕ್ಕನ ಮಗಳಿಗೆ ಮಿಷಿನ್ನಿನಲ್ಲಿ ಮಾಡಿದ ತಾಳಿ ಕಟ್ಟಿದಾಗ ನಾನು ಕದ ಹಾಕಿಕೊಂಡು ಒಳಗೆ ಕೂತಿದ್ದೆ. ಮೇಲಿನ ಕಿಂಡಿಯಿಂದ ಗಟ್ಟಿಮೇಳ ಪೂರ್ತಿ ಕೇಳಿಸಿತು.

ಹೊರಗೆ ಬಂದಾಗ ಅಕ್ಕ ಎದ್ದು ನಿಂತಿದ್ದಳು. ಎರಡು ಮುಷ್ಟಿಯೂ ಬಿಗಿಯಾಗಿದ್ದವು. ಒಂದನ್ನು ನನ್ನ ಅಂಗೈಯಲ್ಲಿ ಬಿಚ್ಚಿದಳು. ಅಕ್ಷತೆ, ಬೆವರಿಗೆ ಅಂಟಿಕೊಂಡಿತ್ತು.

“ಎಲ್ರೂ ಆಕುದ್ರು. ನಾನಿನ್ನೂ ಆಕ್ನಿಲ್ಲ” ಅಂದಳು. “ನೀನೂ ಬರ್ಲಿ ಅಂತ ಕಾದೆ.”

ಇಬ್ಬರೂ ಮಂಟಪವಿದ್ದ ದಿಕ್ಕಿಗೆ ಎಸೆದೆವು. ನಡುವೆ ಗೋಡೆಯಿತ್ತು. ಅಕ್ಕಿಕಾಳುಗಳು ಅಲ್ಲೇ, ಕಾಲೊರೆಸುವ ಗೋಣಿಚೀಲದ ಮೇಲೆ ಬಿದ್ದವು. ಅಕ್ಕ ಕಣ್ಣೊರೆಸಿಕೊಂಡು ಗಡಿಯಾರ ನೋಡಿದಳು.

“ಮಾತ್ರೆ ಒತ್ತಾಯ್ತು. ಮೊಸರನ್ನ ಉಂಡು ತಕ್ಕೋ” ಅಂದಳು.

ಉಂಡೆ. ಆಮೇಲೆ ಶೀಟಿನಿಂದ ಒಂದು ಮಾತ್ರೆ ಬಿಡಿಸಿದೆ. ಅಕ್ಕ ನನ್ನ ಕೈಯನ್ನೇ ನೋಡುತ್ತಿದ್ದಳು. ಇಡೀ ಮಾತ್ರೆಯನ್ನು ನುಂಗಿ, ಬಾಯಿ ತೆರೆದು ಅವಳಿಗೆ ತೋರಿಸಿದೆ.